ಫೆಬ್ರುವರಿಯಲ್ಲಿ ಆಸ್ಟ್ರಿಯಾ, ಬಾಡಿಗೆ ಕಾರು, ಹಿಮದ ರಸ್ತೆ: ಅನುಭವ ಇದ್ದವರು ಹೇಳಿ

ತೊಗರಿ ಕಣಜ, ಕಲಬುರಗಿ · ಡಿಸೆಂಬರ್ 6

ಎಲ್ಲರಿಗೂ ನಮಸ್ಕಾರ. ಫೆಬ್ರುವರಿ ಎರಡನೇ ವಾರ ನಾನು, ಹೆಂಡತಿ, ಇಬ್ಬರು ಮಕ್ಕಳು (12 ಮತ್ತು 8 ವರ್ಷ) ಆಸ್ಟ್ರಿಯಾಕ್ಕೆ ಹೋಗುತ್ತಿದ್ದೇವೆ. ಮಕ್ಕಳಿಗೆ ಸ್ಕೀಯಿಂಗ್ ಕಲಿಯುವ ಆಸೆ. ಹೈದರಾಬಾದ್‌ನಿಂದ ಮ್ಯೂನಿಕ್‌ವರೆಗೆ ವಿಮಾನ. ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು ಝಿಲ್ಲರ್‌ಟಾಲ್ ಕಣಿವೆಯ ಮೇಯರ್‌ಹೋಫನ್‌ಗೆ ಹೋಗುವುದು, ಆರು ದಿನ ಅಲ್ಲೇ ಇರುವುದು ಅಂತ ಯೋಜನೆ.

ನಾನು ಹದಿನಾರು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಕಲಬುರಗಿ-ಹೈದರಾಬಾದ್ ರಸ್ತೆಯಲ್ಲಿ ರಾತ್ರಿ, ಹಗಲು, ಮಳೆ ಎಲ್ಲ ನೋಡಿದ್ದೇನೆ. ಮೇ ತಿಂಗಳ ಬಿಸಿಲಲ್ಲಿ ಟೈರ್ ಸಿಡಿದಾಗ ಗಾಡಿ ಹಿಡಿದು ನಿಲ್ಲಿಸಿದ್ದೂ ಆಗಿದೆ. ಆದರೆ ಹಿಮವನ್ನು ಇದುವರೆಗೆ ಕಣ್ಣಾರೆ ನೋಡಿಲ್ಲ. ಹಿಂದೆ ಮಕ್ಕಳು ಕೂತಿರುತ್ತಾರೆ, ಅದೇ ಯೋಚನೆ. ಯಾವ ಗಾಡಿ ತೆಗೆದುಕೊಳ್ಳಲಿ? ಟೈರ್, ಚೈನ್ ಅಂತ ಏನೇನೋ ಎಕ್ಸ್ಟ್ರಾ ಹಣ ತೋರಿಸುತ್ತಿದೆ, ಎಲ್ಲ ಬೇಕಾ? ಐಡಿಪಿ (ವಿದೇಶದಲ್ಲಿ ಓಡಿಸಲು ಕೊಡುವ ಅಂತರರಾಷ್ಟ್ರೀಯ ಪರ್ಮಿಟ್) ಮಾಡಿಸಲೇಬೇಕಾ? ಅಥವಾ ಓಡಿಸುವ ಯೋಚನೆಯನ್ನೇ ಬಿಡಲಾ?

ಬಿದ್ರಿ ಬೆಳ್ಳಿ, ಬೀದರ್

ಫೋರ್ ಬೈ ಫೋರ್ ತೆಗೆದುಕೊಳ್ಳಿ ಅಣ್ಣಾ. ಮಿಕ್ಕದ್ದೆಲ್ಲ ಗಾಡಿಯೇ ನೋಡಿಕೊಳ್ಳುತ್ತದೆ.

ಭೀಮಾ ತೀರ, ಊರು ಅಫಜಲಪುರ, ಈಗ ಸ್ಟುಟ್‌ಗಾರ್ಟ್

ಬಿದ್ರಿ ಬೆಳ್ಳಿ ಅವರೇ, ದಯವಿಟ್ಟು ಹೀಗೆ ಹೇಳಬೇಡಿ. ಇದೇ ಮಾತು ನಂಬಿ ಚರಂಡಿಗೆ ಇಳಿದ ದೊಡ್ಡ ದೊಡ್ಡ ಗಾಡಿಗಳನ್ನು ಪ್ರತಿ ಚಳಿಗಾಲ ನೋಡುತ್ತೇನೆ. ಎಂಜಿನ್ ನಾಲ್ಕೂ ಗಾಲಿ ತಿರುಗಿಸಿದರೆ ಗಾಡಿ ಸಲೀಸಾಗಿ ಹೊರಡುತ್ತದೆ, ಏರು ಹತ್ತುತ್ತದೆ, ಅಷ್ಟೇ. ನಿಲ್ಲುವಾಗ ಎಲ್ಲ ಗಾಡಿಗೂ ನಾಲ್ಕೇ ಗಾಲಿ. ನಿಲ್ಲಿಸುವುದು ಟೈರ್.

ಬೇಸಿಗೆ ಟೈರಿನ ರಬ್ಬರ್ ಚಳಿಗೆ ಗಟ್ಟಿಯಾಗುತ್ತದೆ. ಸುಮಾರು 7 ಡಿಗ್ರಿ ಕೆಳಗೆ ಹೋದರೆ ಹಿಡಿತ ಕಡಿಮೆಯಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರ್ ಬೇರೆ, ಚಳಿಯಲ್ಲೂ ಮೆತ್ತಗಿರುತ್ತದೆ. ಬಟನ್ (ರಸ್ತೆಗೆ ತಾಗುವ ರಬ್ಬರಿನ ಉಬ್ಬು) ಮೇಲೆ ಸಣ್ಣ ಸಣ್ಣ ಸೀಳುಗಳಿರುತ್ತವೆ, ಅವು ಹಿಮವನ್ನು ಕಚ್ಚುತ್ತವೆ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಬಟನ್ ಕನಿಷ್ಠ 4 ಮಿಲಿಮೀಟರ್ ಇರಬೇಕು. ಜರ್ಮನಿಯಲ್ಲೂ ಇಂಥದೇ ನಿಯಮ. 2024ರ ಅಕ್ಟೋಬರ್‌ನಿಂದ ಬರೀ ಎಂ ಪ್ಲಸ್ ಎಸ್ (ಕೆಸರು, ಹಿಮ ಅಂತ ಅರ್ಥ) ಗುರುತು ಸಾಲದು, ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಬೇಕು.

ಕಾರು ಕೊಡುವಾಗ ಬಗ್ಗಿ ನಾಲ್ಕೂ ಟೈರಿನ ಪಕ್ಕದಲ್ಲಿ ಆ ಗುರುತು ನೋಡಿ. ಟೈರಿಗೆ ಎಕ್ಸ್ಟ್ರಾ ಹಣ ಕೇಳಿದರೆ ಚೌಕಾಶಿ ಮಾಡುವ ಜಾಗ ಅದಲ್ಲ, ಕೊಟ್ಟುಬಿಡಿ. ಒಳ್ಳೆ ಟೈರ್ ಇರುವ ಮಾಮೂಲಿ ಫ್ರಂಟ್ ವೀಲ್ ಕಾರು (ಎಂಜಿನ್ ಮುಂದಿನ ಎರಡು ಗಾಲಿ ಮಾತ್ರ ತಿರುಗಿಸುವಂಥದ್ದು) ನಿಮಗೆ ಸಾಕು.

ಕೋಟೆ ಬಾಗಿಲು, ಬೀದರ್

ನನ್ನದು ಬೇರೆ ಮಾತು. ಓಡಿಸಲೇಬೇಡಿ. ಮ್ಯೂನಿಕ್‌ನಿಂದ ಯೆನ್‌ಬಾಖ್‌ವರೆಗೆ ರೈಲು ಇದೆ. ಅಲ್ಲಿ ಇಳಿದು ಪುಟ್ಟ ನ್ಯಾರೋಗೇಜ್ ರೈಲು ಹತ್ತಿದರೆ 32 ಕಿಲೋಮೀಟರ್, ಸೀದಾ ಮೇಯರ್‌ಹೋಫನ್. ನಾವು ಅಣ್ಣ ತಮ್ಮಂದಿರ ಸಂಸಾರ, ಒಂಬತ್ತು ಜನ ಹಾಗೇ ಹೋಗಿ ಬಂದೆವು. ಊರೊಳಗೆ ಸ್ಕೀ ಬಸ್ ಇರುತ್ತದೆ. ಹಿಮ ನೋಡದವರು ಮೊದಲ ಸಲವೇ ಮಕ್ಕಳನ್ನು ಕೂರಿಸಿಕೊಂಡು ಹಿಮದ ರಸ್ತೆಗೆ ಇಳಿಯುವುದು ಯಾಕೆ?

ತೊಗರಿ ಕಣಜ

ಕೋಟೆ ಬಾಗಿಲು ಸರ್, ನಿಮ್ಮ ಮಾತು ನಿಜ. ಮನೆಯಲ್ಲೂ ಇದೇ ಚರ್ಚೆ. ಆದರೆ ನಾವು ಉಳಿಯುವ ಮನೆ ಸ್ಟೇಷನ್‌ನಿಂದ ದೂರ, ಗುಡ್ಡದ ಬದಿಗೆ. ಹೆಂಡತಿಗೆ ಮೊಣಕಾಲು ನೋವು, ಸಾಮಾನು ಹೊತ್ತು ಹತ್ತಲು ಆಗದು. ಎರಡು ದಿನ ಹಿಂಟರ್‌ಟುಕ್ಸ್ ಹಿಮನದಿಗೂ ಹೋಗಬೇಕು ಅಂತಿದ್ದೇವೆ. ರೈಲನ್ನು ಪೂರ್ತಿ ಕೈಬಿಟ್ಟಿಲ್ಲ.

ಲೆಕ್ಕದ ಮೇಷ್ಟ್ರು, ಶಹಾಬಾದ್

ನಾನು ಹಿಮದಲ್ಲಿ ಓಡಿಸಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. 50 ಕಿಲೋಮೀಟರ್ ವೇಗದಲ್ಲಿ ಒಣ ಡಾಂಬರಿನ ಮೇಲೆ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಸುಮಾರು 14 ಮೀಟರ್‌ಗೆ ಗಾಡಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಹಿಡಿತ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಲ್ಲಿ ಸುಮಾರು 50 ಮೀಟರ್ ಬೇಕು. ಬರೀ ಮಂಜುಗಡ್ಡೆ ಆದರೆ ಹತ್ತಿರ ಹತ್ತಿರ 100 ಮೀಟರ್, ಅಂದರೆ ಐದು ಕ್ರಿಕೆಟ್ ಪಿಚ್. ಇನ್ನು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಓಡಿದ ದೂರ ಬೇರೆ.

ಈಗ ವೇಗ 30ಕ್ಕೆ ಇಳಿಸಿ. ಅದೇ ಮಂಜುಗಡ್ಡೆಯಲ್ಲಿ ಸುಮಾರು 35 ಮೀಟರ್‌ಗೆ ನಿಲ್ಲುತ್ತದೆ. 20 ಕಿಲೋಮೀಟರ್ ವೇಗ ಬಿಟ್ಟುಕೊಟ್ಟರೆ 65 ಮೀಟರ್ ಉಳಿಯುತ್ತದೆ. ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟು, ಇದನ್ನು ಮಕ್ಕಳಿಗೆ ಬೋರ್ಡ್ ಮೇಲೆ ಪ್ರತಿ ವರ್ಷ ಬರೆಯುತ್ತೇನೆ. ನಮ್ಮೂರಿನ ಫರಸಿ ಕಲ್ಲಿನ ಮೇಲೆ ನೀರು ಚೆಲ್ಲಿ ಹವಾಯಿ ಚಪ್ಪಲಿಯಲ್ಲಿ ನಡೆದವರಿಗೆ ಬೇರೆ ಪುರಾವೆ ಬೇಡ.

ಬಿದ್ರಿ ಬೆಳ್ಳಿ

ಸರ್, ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಂಡೆ.

ಸುರಪುರದ ಹುಡುಗ

ಚೈನ್ ಅಂದರೆ ನಾವು ನಾಟಿ ಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಥರಾನಾ? ಕೆಸರಲ್ಲಿ ರಬ್ಬರ್ ಗಾಲಿ ಸುಮ್ನೆ ತಿರುಗುತ್ತದೆ, ಕೇಜ್ ವೀಲ್ ಆದರೆ ಕಚ್ಚಿ ಹೋಗುತ್ತದೆ.

ಭೀಮಾ ತೀರ

ಸರಿಯಾಗಿ ಹಿಡಿದೆ ತಮ್ಮಾ, ಕೆಲಸ ಅದೇ. ಆದರೆ ಇದು ಟೈರಿನ ಮೇಲೆಯೇ ಹೊದಿಸುವ ಬಲೆ. ಎಂಜಿನ್ ಯಾವ ಗಾಲಿಯನ್ನು ತಿರುಗಿಸುತ್ತದೋ ಅದಕ್ಕೆ ಹಾಕಬೇಕು. ಫ್ರಂಟ್ ವೀಲ್ ಗಾಡಿಗೆ ಮುಂದಿನ ಎರಡಕ್ಕೆ. ಹಾಕಿದ ಮೇಲೆ 50 ಕಿಲೋಮೀಟರ್ ದಾಟಬಾರದು. ಸ್ವಲ್ಪ ದೂರ ಓಡಿಸಿ, ಇಳಿದು, ಮತ್ತೆ ಬಿಗಿ ಮಾಡಬೇಕು. ಹಿಮ ಮುಗಿದು ಬರೀ ಡಾಂಬರು ಬಂದರೆ ಬಿಚ್ಚಬೇಕು, ಇಲ್ಲದಿದ್ದರೆ ಚೈನೂ ಹಾಳು, ಟೈರೂ ಹಾಳು.

ನೀಲಿ ಬೋರ್ಡಿನ ಮೇಲೆ ಟೈರು, ಅದಕ್ಕೆ ಚೈನು ಸುತ್ತಿದ ಚಿತ್ರ ಕಂಡರೆ ಚೈನ್ ಹಾಕದೆ ಮುಂದೆ ಹೋಗುವಂತಿಲ್ಲ. ಕಣಜ ಅಣ್ಣಾ, ಮೊದಲ ಸಲ ಹಾಕುವುದು ಕತ್ತಲಲ್ಲಿ, ಗುಡ್ಡದ ಬದಿಯಲ್ಲಿ, ಮರಗಟ್ಟಿದ ಕೈಯಲ್ಲಿ ಆಗಬಾರದು. ಕಾರು ಸಿಕ್ಕ ತಕ್ಷಣ ಪಾರ್ಕಿಂಗ್‌ನಲ್ಲೇ ಹಾಕಿ, ತೆಗೆದು ನೋಡಿ.

ಹುಮನಾಬಾದ್ ಅಕ್ಕ

ನನ್ನ ಅನುಭವ ಕೇಳಿ, ಎದೆ ಈಗಲೂ ನಡುಗುತ್ತದೆ. ಮೂರು ವರ್ಷದ ಹಿಂದೆ ಜನವರಿಯಲ್ಲಿ ಮನಾಲಿ. ಚಂಡೀಗಢದಲ್ಲಿ ಬಾಡಿಗೆಗೆ ಕಾರು ತೆಗೆದುಕೊಂಡಿದ್ದೆವು, ಟೈರ್ ಮಾಮೂಲಿ. ಸೋಲಂಗ್‌ನಿಂದ ಇಳಿಯುವಾಗ ಸಂಜೆ. ನಮ್ಮವರು ಓಡಿಸುತ್ತಿದ್ದರು. ಹಗಲು ಕರಗಿದ ನೀರು ಮತ್ತೆ ಗಟ್ಟಿಯಾಗಲು ಶುರುವಾಗಿತ್ತು. ಮುಂದಿನ ಗಾಡಿ ನಿಂತಿತು ಅಂತ ಇವರು ಬ್ರೇಕ್ ತುಳಿದರು. ಗಾಲಿ ನಿಂತಿತು, ಗಾಡಿ ನಿಲ್ಲಲಿಲ್ಲ. ಸದ್ದೇ ಇಲ್ಲ! ದೋಣಿ ತೇಲಿದ ಹಾಗೆ ನಿಧಾನವಾಗಿ ಓರೆಯಾಗಿ ಹೋಗುತ್ತಿದೆ. ಎಡಕ್ಕೆ ಕಣಿವೆ. ಬಲಕ್ಕೆ ಗುಡ್ಡದ ಬುಡದಲ್ಲಿ ಗುಡಿಸಿ ಹಾಕಿದ್ದ ಹಿಮದ ರಾಶಿ, ದೇವರ ದಯೆ, ಅದಕ್ಕೆ ಹೋಗಿ ಹೊಕ್ಕಿತು. ಅಲ್ಲಿಯ ಒಬ್ಬ ಟ್ಯಾಕ್ಸಿ ಅಣ್ಣ ಬಂದು ಗಾಡಿ ತೆಗೆದುಕೊಟ್ಟ. ಇಳಿಜಾರು ಕಾಣುವ ಮೊದಲೇ ಸಣ್ಣ ಗೇರಿಗೆ ಬನ್ನಿ, ಎಂಜಿನ್ನೇ ಗಾಡಿ ಹಿಡಿಯಲಿ, ಬ್ರೇಕ್ ಮೇಲೆ ಕೂರಬೇಡಿ ಅಂತ ಎರಡು ಸಲ ಹೇಳಿ ಹೋದ.

ಅದಕ್ಕೇ ಹೇಳುತ್ತೇನೆ, ಕೋಟೆ ಬಾಗಿಲು ಅವರ ಮಾತು ಕೇಳಿ ಅಣ್ಣಾ.

ಭೀಮಾ ತೀರ

ಅಕ್ಕಾ, ಯಾರಿಗೂ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ಟೈರ್ ಸರಿ ಇದ್ದಿದ್ದರೆ ಅಷ್ಟು ದೂರ ಜಾರುತ್ತಿರಲಿಲ್ಲ ಅನಿಸುತ್ತದೆ. ಆ ಟ್ಯಾಕ್ಸಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಆಟೋಮ್ಯಾಟಿಕ್ ಗಾಡಿಯಲ್ಲೂ ಗೇರ್ ಕೈಯಲ್ಲಿ ಇಳಿಸಬಹುದು, ಹೇಗೆ ಅಂತ ಕಾರು ಕೊಡುವಾಗಲೇ ಕೇಳಿಕೊಳ್ಳಿ.

ಜಾರಿದರೆ ಏನು ಮಾಡಬೇಕು ಅಂತಲೂ ಬರೆದುಬಿಡುತ್ತೇನೆ. ಮೊದಲು ಎಕ್ಸಲೇಟರ್‌ನಿಂದ ಕಾಲು ತೆಗೆಯಿರಿ. ಮುಂದಿನ ಗಾಲಿ ಜಾರಿ ಗಾಡಿ ತಿರುಗುತ್ತಿಲ್ಲ ಅಂದರೆ ಸ್ಟೀರಿಂಗ್ ಇನ್ನೂ ಜಾಸ್ತಿ ತಿರುಗಿಸಬೇಡಿ, ಸ್ವಲ್ಪ ನೇರ ಮಾಡಿ, ಹಿಡಿತ ಬರುವವರೆಗೆ ಕಾಯಿರಿ. ಹಿಂಭಾಗ ಬಲಕ್ಕೆ ಹೋದರೆ ಸ್ಟೀರಿಂಗ್ ಕೂಡ ಮೆಲ್ಲಗೆ ಬಲಕ್ಕೆ. ಕಣ್ಣು ಮಾತ್ರ ಹೋಗಬೇಕಾದ ದಾರಿಯ ಮೇಲೇ ಇರಲಿ. ಮರ ನೋಡಿದರೆ ಕೈ ಮರದ ಕಡೆಗೇ ಎಳೆಯುತ್ತದೆ. ಇನ್ನು ನಿಲ್ಲಿಸಲೇಬೇಕು ಅನ್ನುವ ಸಂದರ್ಭ ಬಂದರೆ, ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಬ್ರೇಕ್ ಪೂರ್ತಿ ಒತ್ತಿ ಹಿಡಿಯಿರಿ. ಕಾಲ ಕೆಳಗೆ ಗರಗರ ಅನ್ನುತ್ತದೆ. ಹೆದರಿ ಕಾಲು ಎತ್ತಬೇಡಿ.

ನಮ್ಮ ಎರೆ ಹೊಲದ ದಾರಿಯಲ್ಲಿ ಮೊದಲ ಮಳೆಗೆ ಬೈಕ್ ಓಡಿಸಿದವರಿಗೆ ಈ ಪಾಠ ಅರ್ಧ ಬಂದೇ ಇರುತ್ತದೆ. ಅಲ್ಲಿ ಯಾರೂ ಗಕ್ಕನೆ ಬ್ರೇಕ್ ಹಿಡಿಯುವುದಿಲ್ಲ, ಗಕ್ಕನೆ ಹ್ಯಾಂಡಲ್ ತಿರುಗಿಸುವುದಿಲ್ಲ, ಅಲ್ವಾ?

ಚಿಟಗುಪ್ಪಿ ಚಹಾ

ಒಂದು ಸಲಹೆ. ಬೆಳಿಗ್ಗೆ ಗಾಜಿನ ಮೇಲೆ ಮಂಜುಗಡ್ಡೆ ಕೂತಿದ್ದರೆ ಬಿಸಿ ನೀರು ಹಾಕಿದರೆ ಬೇಗ ಹೋಗುತ್ತದೆ. ಟೈರ್ ಗಾಳಿ ಸ್ವಲ್ಪ ಕಮ್ಮಿ ಮಾಡಿದರೂ ಹಿಡಿತ ಜಾಸ್ತಿ ಅಂತ ಕೇಳಿದ್ದೇನೆ.

ಮಳಖೇಡ, ಈಗ ಮಾಂಟ್ರಿಯಲ್

ಎರಡೂ ಬೇಡ ಚಹಾ ಅವರೇ. ಬಿಸಿ ನೀರು ಬಿದ್ದರೆ ಗಾಜು ಚಟ್ ಅಂತ ಸೀಳಬಹುದು. ಹರಿದ ನೀರು ವೈಪರ್ ಬುಡದಲ್ಲಿ ಮತ್ತೆ ಗಡ್ಡೆ ಕಟ್ಟುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯುವುದೇ ದಾರಿ. ಗಾಳಿ ಚಳಿಗೆ ತಾನಾಗಿಯೇ ಕಮ್ಮಿಯಾಗುತ್ತದೆ, ನಾವು ಇನ್ನೂ ತೆಗೆಯಬಾರದು. ಕಂಪನಿ ಹೇಳಿದಷ್ಟೇ ಇರಲಿ.

ಇಲ್ಲಿ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಎಲ್ಲರಿಗೂ ಕಡ್ಡಾಯ, ಹಿಮ ಇರಲಿ ಬಿಡಲಿ. ನಾನು ಬಂದು ಏಳು ವರ್ಷ. ರಾತ್ರಿ ನಿಲ್ಲಿಸುವಾಗ ವೈಪರ್ ಎತ್ತಿಡಿ. ಗಾಜು ತೊಳೆಯುವ ನೀರು ಚಳಿಗೆ ಗಟ್ಟಿಯಾಗದಂಥದ್ದು ಇರಬೇಕು, ಬರೀ ನೀರು ಹಾಕಬೇಡಿ. ಬೆಳಿಗ್ಗೆ ಹೊರಡುವ ಮೊದಲು ಇಡೀ ಗಾಡಿಯ ಹಿಮ ತೆಗೆಯಿರಿ. ಕಾಣುವಷ್ಟು ಮಾತ್ರ ಗಾಜು ಒರೆಸಿಕೊಂಡು ಹೊರಟರೆ, ಬ್ರೇಕ್ ಹಾಕಿದಾಗ ಮೇಲಿನ ಹಿಮವೆಲ್ಲ ಮುಂದಿನ ಗಾಜಿನ ಮೇಲೆ ಪರದೆ ಹಾಗೆ ಇಳಿಯುತ್ತದೆ.

ಬಹಳ ಮುಖ್ಯವಾದದ್ದು ಒಂದಿದೆ. ಹಿಮದಲ್ಲಿ ಗಾಡಿ ಸಿಕ್ಕಿಕೊಂಡು ಎಂಜಿನ್ ಚಾಲೂ ಇಟ್ಟು ಕೂತರೆ, ಮೊದಲು ಇಳಿದು ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ. ಬಾಯಿ ಮುಚ್ಚಿದರೆ ವಿಷದ ಹೊಗೆ ಒಳಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ. ಮಕ್ಕಳು ನಿದ್ದೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತೇವೆ. ಇದನ್ನು ಮರೆಯಬೇಡಿ.

ಚಿಟಗುಪ್ಪಿ ಚಹಾ

ತಿದ್ದಿದ್ದಕ್ಕೆ ಧನ್ಯವಾದ. ಕೇಳಿದ್ದನ್ನು ಹಾಗೇ ಹೇಳಿಬಿಟ್ಟೆ.

ಕೆಎ 32

ಐಡಿಪಿ ಬಗ್ಗೆ ಯಾರೂ ಹೇಳಲಿಲ್ಲ. ಮಾಡಿಸಲೇಬೇಕು. ನಮ್ಮ ಆರ್‌ಟಿಒದಲ್ಲೇ ಆಗುತ್ತದೆ, ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್, ವೀಸಾ, ಲೈಸೆನ್ಸ್ ಪ್ರತಿ ಇಟ್ಟುಕೊಳ್ಳಿ. ಒಂದು ವರ್ಷ ನಡೆಯುತ್ತದೆ. ಐಡಿಪಿ ಒಂದನ್ನೇ ತೋರಿಸಿದರೆ ಆಗದು, ಮೂಲ ಲೈಸೆನ್ಸ್ ಕಾರ್ಡ್ ಜತೆಗಿರಬೇಕು. ಕ್ರೆಡಿಟ್ ಕಾರ್ಡ್ ಕೂಡ ಓಡಿಸುವವರ ಹೆಸರಲ್ಲೇ ಇರಲಿ. ನನ್ನ ಷಡ್ಡಕ ಹೆಂಡತಿಯ ಕಾರ್ಡ್ ಹಿಡಿದು ಹೋಗಿ ಕೌಂಟರಿನಲ್ಲಿ ಎರಡು ತಾಸು ನಿಂತಿದ್ದ.

ಭೀಮಾ ತೀರ

ಜರ್ಮನಿಯಲ್ಲಿ ತೆಗೆದುಕೊಂಡ ಕಾರನ್ನು ಆಸ್ಟ್ರಿಯಾಕ್ಕೆ ಒಯ್ಯುತ್ತೇವೆ ಅಂತ ಮೊದಲೇ ಹೇಳಿ ಬರೆಸಿಕೊಳ್ಳಿ. ಹೇಳದೆ ಗಡಿ ದಾಟಿದರೆ ಇನ್ಶೂರೆನ್ಸ್ ಕೈಕೊಡಬಹುದು. ಇನ್ಶೂರೆನ್ಸ್‌ನಲ್ಲಿ ಟೈರ್, ಗಾಜು, ಗಾಡಿಯ ತಳಭಾಗ ಸೇರಿವೆಯಾ ಓದಿ. ಹಿಮದಲ್ಲಿ ಪೆಟ್ಟು ಬೀಳುವುದು ಅಲ್ಲಿಗೇ.

ಎಂಟು ವರ್ಷದ ಮಗುವಿಗೆ ಬೂಸ್ಟರ್ ಸೀಟ್ ಹೇಳಿಡಿ. ಜರ್ಮನಿಯಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್ ಎತ್ತರ ಆಗುವವರೆಗೆ ಕಡ್ಡಾಯ. ದಪ್ಪ ಜಾಕೆಟ್ ಮೇಲೆ ಬೆಲ್ಟ್ ಹಾಕಿದರೆ ಬೆಲ್ಟ್ ಸಡಿಲ ಇದ್ದ ಹಾಗೆ. ಜಾಕೆಟ್ ಬಿಚ್ಚಿ ಕೂರಿಸಿ, ಮೇಲೆ ಶಾಲು ಹೊದಿಸಿ.

ಇನ್ನೊಂದು, ಮ್ಯಾಪ್‌ನಲ್ಲಿ ಟೋಲ್ ಬೇಡ ಅಂತ ಒತ್ತಬೇಡಿ. ಒತ್ತಿದರೆ ಆಖೆನ್ ಪಾಸ್ ಕಡೆಯ ಗುಡ್ಡದ ರಸ್ತೆಗೆ ಕಳಿಸುತ್ತದೆ. ಬೇಸಿಗೆಯಲ್ಲಿ ಆ ದಾರಿ ಬಲು ಚಂದ, ಆದರೆ ಕೊನೆಗೆ ಇನ್ ನದಿಯ ಕಣಿವೆಗೆ ಕಡಿದಾಗಿ ಇಳಿಯುತ್ತದೆ. ಹಿಮ ಬೀಳುವಾಗ ಹೊಸಬರಿಗೆ ಬೇಡ. ವಿನ್ಯೆಟ್ ಅನ್ನುವ ಟೋಲ್ ಚೀಟಿ ಗಡಿ ಹತ್ತಿರದ ಬಂಕ್‌ನಲ್ಲಿ ಸಿಗುತ್ತದೆ, ಹತ್ತು ದಿನದ್ದು ತೆಗೆದುಕೊಂಡು ಕುಫ್‌ಸ್ಟೈನ್ ಮೇಲಿಂದ ಹೆದ್ದಾರಿಯಲ್ಲೇ ಹೋಗಿ.

ಸುರಪುರದ ಹುಡುಗ

ದಾರಿಯಲ್ಲಿ ಸಿಕ್ಕಿಕೊಂಡರೆ ತಿನ್ನಲು ಏನಿಟ್ಟುಕೊಳ್ಳಬೇಕು?

ಹುಮನಾಬಾದ್ ಅಕ್ಕ

ಖಡಕ್ ರೊಟ್ಟಿ, ಶೇಂಗಾ ಹಿಂಡಿ! ತಿಂಗಳಾದರೂ ಕೆಡದು. ಬೇಕಾದರೆ ನಾನೇ ಮಾಡಿಕೊಡುತ್ತೇನೆ.

ಮಳಖೇಡ

ರೊಟ್ಟಿ, ಹಿಂಡಿಗೆ ಅಡ್ಡಿಯಿಲ್ಲ. ಆದರೆ ತುಪ್ಪ, ಪೇಡೆ, ಖೋವಾ ಕಟ್ಟಬೇಡಿ ಅಕ್ಕಾ. ಹೊರಗಿನವರು ಹಾಲಿನ, ಮಾಂಸದ ಪದಾರ್ಥ ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದುಬಿಡುತ್ತಾರೆ.

ಬಿದ್ರಿ ಬೆಳ್ಳಿ

ನಮ್ಮ ಬೀದರ್ ಚಳಿಯೂ ಕಮ್ಮಿಯೇನಲ್ಲ. ಈ ವಾರ ಬೆಳಿಗ್ಗೆ ಹಾಲಿನವನು ಬಂದರೆ ಎದ್ದು ಬಾಗಿಲು ತೆಗೆಯಲೂ ಮನಸ್ಸಾಗುವುದಿಲ್ಲ.

ಲೆಕ್ಕದ ಮೇಷ್ಟ್ರು

ಒಂದು ವಿಷಯ ಗೊತ್ತಾ? ಮೇಯರ್‌ಹೋಫನ್ ಊರು ಇರುವುದು ಸುಮಾರು 630 ಮೀಟರ್ ಎತ್ತರದಲ್ಲಿ. ಬೀದರ್ ಕೂಡ ಹೆಚ್ಚುಕಡಿಮೆ ಅಷ್ಟೇ ಎತ್ತರ. ಆದರೆ ಹಿಂಟರ್‌ಟುಕ್ಸ್ 1500 ಮೀಟರ್ ಹತ್ತಿರ. ಅಷ್ಟು ಮೇಲೆ ಹೋಗುವಷ್ಟರಲ್ಲಿ ಐದಾರು ಡಿಗ್ರಿ ಇಳಿದಿರುತ್ತದೆ. ಕೆಳಗೆ ಮಳೆ ಬರುತ್ತಿದ್ದರೆ ಮೇಲೆ ಹಿಮ. ಹೊರಡುವಾಗಿನ ರಸ್ತೆ ನೋಡಿ ಮೇಲಿನ ರಸ್ತೆಯೂ ಹಾಗೇ ಅಂದುಕೊಳ್ಳಬೇಡಿ.

ಕೋಟೆ ಬಾಗಿಲು

ಇಷ್ಟೆಲ್ಲ ಓದಿದ ಮೇಲೂ ನನ್ನ ಮಾತು ಅದೇ, ರೈಲು. ಓಡಿಸಿಯೇ ಓಡಿಸುತ್ತೀರಿ ಅಂದರೆ ಮೂರು ಮಾತು ಕೇಳಿ. ವಿಮಾನ ಇಳಿದ ದಿನ ನಿದ್ದೆಗಣ್ಣಲ್ಲಿ ಓಡಿಸಬೇಡಿ, ಒಂದು ರಾತ್ರಿ ಮಲಗಿ. ಕತ್ತಲಾಗುವ ಮೊದಲು ತಲುಪಿ. ಹಿಮ ಜೋರಾದ ದಿನ ಗಾಡಿ ತೆಗೆಯಲೇಬೇಡಿ, ಬಸ್ ಇದೆ.

ತೊಗರಿ ಕಣಜ · ಫೆಬ್ರುವರಿ 21

ಎಲ್ಲರಿಗೂ ಮತ್ತೆ ನಮಸ್ಕಾರ. ಹೋಗಿ ಬಂದೆವು, ಕ್ಷೇಮವಾಗಿದ್ದೇವೆ. ಕೋಟೆ ಬಾಗಿಲು ಸರ್, ಕಾರು ತೆಗೆದುಕೊಂಡೆ, ಆದರೆ ನಿಮ್ಮ ಮೂರೂ ಮಾತು ಪಾಲಿಸಿದೆ. ಮೊದಲ ರಾತ್ರಿ ಮ್ಯೂನಿಕ್‌ನಲ್ಲೇ ಮಲಗಿದೆವು.

ನಿಜ ಹೇಳಬೇಕೆಂದರೆ ಮೊದಲ ದಿನ ಕಾಡಿದ್ದು ಹಿಮವಲ್ಲ, ರಸ್ತೆಯ ಬಲಬದಿಯಲ್ಲಿ ಓಡಿಸುವುದು. ಹೆದ್ದಾರಿಯಲ್ಲಿ ತೊಂದರೆ ಇರಲಿಲ್ಲ. ಬಂಕ್‌ನಿಂದ ಹೊರಗೆ ಬರುವಾಗ, ಖಾಲಿ ರಸ್ತೆಯಲ್ಲಿ ಎಡಕ್ಕೆ ತಿರುಗುವಾಗ ಕೈ ತಾನಾಗಿಯೇ ನಮ್ಮೂರಿನ ಬದಿಗೆ ಹೋಗುತ್ತಿತ್ತು. ಗಾಡಿ ಹೊರಡಿಸಿದಾಗೆಲ್ಲ ಹೆಂಡತಿ "ಬಲಕ್ಕೆ, ಬಲಕ್ಕೆ" ಅಂತ ಹೇಳಬೇಕು ಅಂತ ನಿಯಮ ಮಾಡಿಕೊಂಡೆವು. ಕೊನೆ ದಿನದವರೆಗೂ ಹೇಳಿದಳು.

ಮೂರನೇ ದಿನ ರಾತ್ರಿಯಿಡೀ ಹಿಮ ಬಿತ್ತು. ಬೆಳಿಗ್ಗೆ ಕಾರು ಯಾವುದು ಅಂತ ಗುರುತೇ ಸಿಗಲಿಲ್ಲ. ಆ ದಿನ ಸ್ಕೀ ಬಸ್‌ನಲ್ಲೇ ಹೋದೆವು. ಮರುದಿನ ಬಿಸಿಲು ಬಂತು, ರಸ್ತೆ ಗುಡಿಸಿದ್ದರು, ಹಿಂಟರ್‌ಟುಕ್ಸ್‌ಗೆ ಹೊರಟೆ. ಹೋಗುವಾಗ ಹಿಮ ಗುಡಿಸುವ ಗಾಡಿಯ ಹಿಂದೆ ಸುಮ್ನೆ 30ರಲ್ಲಿ ಹೋದೆ, ದಾಟಲು ಹೋಗಲಿಲ್ಲ.

ವಾಪಸ್ ಬರುವಾಗ ಸಂಜೆ ನಾಲ್ಕೂವರೆ. ಬಿಸಿಲು ಗುಡ್ಡದ ಹಿಂದೆ ಹೋಗಿತ್ತು. ಡ್ಯಾಶ್‌ಬೋರ್ಡಿನಲ್ಲಿ 1 ಡಿಗ್ರಿ, ಪಕ್ಕದಲ್ಲಿ ಹಿಮದ ಹರಳಿನ ಗುರುತು ಹೊತ್ತಿಕೊಂಡಿತ್ತು. ಎರಡನೇ ಗೇರ್, 30 ವೇಗ. ಮುಂದೆ ಒಂದು ಸಣ್ಣ ಸೇತುವೆ. ರಸ್ತೆ ಬರೀ ಒದ್ದೆ ಇದ್ದ ಹಾಗೆ ಕಪ್ಪಗೆ ಕಾಣುತ್ತಿತ್ತು. ಸೇತುವೆ ಮೇಲೆ ಬಂದದ್ದೇ ಸ್ಟೀರಿಂಗ್ ಹಗುರಾಯಿತು. ಕೈಯಲ್ಲಿ ಏನೂ ಹಿಡಿದಿಲ್ಲವೇನೋ ಅನ್ನುವಷ್ಟು ಹಗುರ. ಅದೇ ಹೊತ್ತಿಗೆ ಮುಂದಿನ ಬಸ್ಸಿನ ಕೆಂಪು ದೀಪ ಹೊತ್ತಿತು. ಬ್ರೇಕ್ ಒತ್ತಿದೆ, ಕಾಲ ಕೆಳಗೆ ಗರಗರ ಅಂತು. ಭೀಮಾ ತೀರ ಅವರು ಬರೆದಿದ್ದು ನೆನಪಿತ್ತು, ಕಾಲು ಎತ್ತಲಿಲ್ಲ. ಸೇತುವೆ ಮುಗಿದು ಉಪ್ಪು ಹಾಕಿದ ರಸ್ತೆ ಬಂತು, ಗಾಡಿ ಹಿಡಿದು ನಿಂತಿತು. ಬಸ್ಸು ಇನ್ನೂ ಎರಡು ಕಾರಿನಷ್ಟು ಮುಂದಿತ್ತು. ಮೇಷ್ಟ್ರ ಲೆಕ್ಕ ಓದಿ ಅಷ್ಟು ಅಂತರ ಬಿಟ್ಟಿದ್ದೆ. ಊರಿನಲ್ಲಿ ಓಡಿಸುವ ಹಾಗೆ ಹತ್ತಿರ ಇದ್ದಿದ್ದರೆ ಬಸ್ಸಿಗೆ ಹೋಗಿ ಗುದ್ದುತ್ತಿದ್ದೆ. ಮಕ್ಕಳಿಗೆ ಗೊತ್ತೇ ಆಗಲಿಲ್ಲ. ನನ್ನ ಅಂಗೈ ಮಾತ್ರ ಬೆವೆತಿತ್ತು.

ಲೆಕ್ಕದ ಮೇಷ್ಟ್ರು

ಓದಿ ಕಣ್ಣು ತುಂಬಿ ಬಂತು. ಕ್ಷೇಮವಾಗಿ ಬಂದಿರಿ, ಅದು ಸಾಕು.

ಮಳಖೇಡ

ಸೇತುವೆಗೆ ಕೆಳಗಿನಿಂದಲೂ ಗಾಳಿ ತಾಗುತ್ತದೆ, ಅದಕ್ಕೇ ರಸ್ತೆಗಿಂತ ಮೊದಲು ಅದು ಗಡ್ಡೆ ಕಟ್ಟುತ್ತದೆ. ಮರದ ನೆರಳಿನ ತಿರುವುಗಳೂ ಹಾಗೆಯೇ.

ಹುಮನಾಬಾದ್ ಅಕ್ಕ

ರೊಟ್ಟಿ ಉಪಯೋಗಕ್ಕೆ ಬಂತಾ?

ತೊಗರಿ ಕಣಜ

ಅಕ್ಕಾ, ನೀವು ಕಳಿಸಿದ್ದು ನಾಲ್ಕೇ ದಿನಕ್ಕೆ ಖಾಲಿ. ಸ್ಕೀ ಕಲಿಸುವ ಹುಡುಗನಿಗೂ ಕೊಟ್ಟೆವು, ಹಿಂಡಿಯ ಹೆಸರು ಬರೆದುಕೊಂಡ.

ಕೆಎ 32

ಗಾಡಿ ವಾಪಸ್ ಕೊಡುವಾಗ ಏನಾದರೂ ತಕರಾರು?

ತೊಗರಿ ಕಣಜ

ಒಂದು ಗಾಲಿಯ ರಿಮ್ ಮೇಲೆ ಗೀರು ತೋರಿಸಿದರು. ತೆಗೆದುಕೊಂಡ ದಿನವೇ ನಾಲ್ಕೂ ಕಡೆ, ಗಾಲಿ ಸಮೇತ ಫೋಟೋ, ವಿಡಿಯೋ ಮಾಡಿಟ್ಟಿದ್ದೆ. ಅದರಲ್ಲಿ ಆ ಗೀರು ಮೊದಲೇ ಇತ್ತು. ತೋರಿಸಿದೆ, ಅಲ್ಲಿಗೆ ಮುಗಿಯಿತು.

ಸುರಪುರದ ಹುಡುಗ

ಚೈನ್ ಹಾಕುವ ಪ್ರಸಂಗ ಬಂತಾ ಅಣ್ಣಾ?

ತೊಗರಿ ಕಣಜ

ರಸ್ತೆಯಲ್ಲಿ ಬರಲಿಲ್ಲ ತಮ್ಮಾ. ಮ್ಯೂನಿಕ್‌ನ ಪಾರ್ಕಿಂಗ್‌ನಲ್ಲಿ ಎರಡು ಸಲ ಹಾಕಿ ತೆಗೆದೆ. ಮೊದಲ ಸಲ 40 ನಿಮಿಷ, ಒಳಗಿನ ಕೊಂಡಿ ಕೈಗೇ ಸಿಗಲಿಲ್ಲ. ಎರಡನೇ ಸಲ ಮಗಳು ಟಾರ್ಚ್ ಹಿಡಿದಳು, ಕಾಲು ಗಂಟೆಯಲ್ಲಿ ಆಯಿತು.